ತಮ್ಮೂರು ಯಾವುದ್ರಿ, ಸರ್?

ನಿನ್ನೆ ಸಂಜೆ ಹಾಸ್ಟೆಲಿನ ನನ್ನ ಕೋಣೆಗೆ ಮೊದಲ ವರ್ಷದ ಇಂಜಿನಿಯರಿಂಗ್ ಹುಡುಗಿಯೊಬ್ಬಳು ಒಂದು ಹಾಳೆ ಹಿಡಿದು ಬಂದಳು. "ಅಕ್ಕಾ, ನಾಳಿ ಕ್ಲಾಸಿನ್ಯಾಗ ನಮ್ಮ ಪರಿಚಯ ಹೇಳಬೇಕಂತರಿ. ಇದನ್ನ ಜರಾ ತಿದ್ದಿ ಕೊಡ್ರಿ" ಎಂದಳು. ಹಾಳೆಗೆ ರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿಯ ವಾಸನೆ ಹತ್ತಿತ್ತು. ಇಂಗ್ಲಿಷಿನಲ್ಲಿ ಆರು ಸಾಲು. ಹವ್ಯಾಸ, ಪುಸ್ತಕ ಓದುವುದು ಮತ್ತು ಸಂಗೀತ ಕೇಳುವುದು. ನನಗೆ ನಗು ತಡೆಯಲಾಗಲಿಲ್ಲ. ಮೂರು ವರ್ಷದ ಹಿಂದೆ ಇವೇ ಆರು ಸಾಲನ್ನು ನಾನೂ ಉರು ಹೊಡೆದಿದ್ದೆ.

ನನ್ನದು ಅಫಜಲಪುರ ತಾಲೂಕಿನ ಗೊಬ್ಬೂರ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕುಳಿತವರ ಊರು ಕೇಳದೆ ಸುಮ್ಮನಿರುವುದು ದೊಡ್ಡ ಅಪರಾಧ. ಕೇಳಿದರೆ, ಇಳಿಯುವಷ್ಟರಲ್ಲಿ ಹೇಗೋ ಬೀಗರಾಗಿರುತ್ತಾರೆ. ನನ್ನ ಅಜ್ಜಿಯಂತೂ ಈ ಶಾಸ್ತ್ರದಲ್ಲಿ ಪಂಡಿತೆ. "ನಿನ್ನ ಊರು ಹೇಳಿದ ಮ್ಯಾಲ ಎದರಿನವರ ಊರು ಕೇಳಬೇಕಬೇ. ಇಲ್ಲಾಂದ್ರ ಎಂಥಾ ಸೊಕ್ಕಿನಾಕಿ ಅಂತಾರ" ಎನ್ನುತ್ತಿದ್ದಳು.

ಕಾಲೇಜಿನ ಮೊದಲ ದಿನ ಅಲ್ಲಿ ನನಗೆ ಒಂದು ನರಪಿಳ್ಳೆಯೂ ಗೊತ್ತಿರಲಿಲ್ಲ. ಅವ್ವನಿಗೆ ಹೇಳಿಯೇ ಬಂದಿದ್ದೆ: "ಶನಿವಾರದ ತನಕ ನೋಡ್ತೇನಿ. ಯಾರೂ ಮಾತಾಡ್ಸಲಿಲ್ಲಂದ್ರ ಹೊಳ್ಳಿ ಬರ್ತೇನಿ." ಹೇಳಿದ್ದು ಜೋರಾಗಿದ್ದರೂ ಒಳಗೆ ಇದ್ದದ್ದು ಬರೀ ಹೆದರಿಕೆ.

ಪರಿಚಯ ಹೇಳಲು ನನಗಿಂತ ಮೊದಲು ಎದ್ದ ಹದಿನೇಳು ಮಂದಿಯೂ ಪುಸ್ತಕ ಓದಿ, ಸಂಗೀತ ಕೇಳಿ ಮುಗಿಸಿದ್ದರು. ನನ್ನ ಪಾಳಿ ಬರುವಷ್ಟರಲ್ಲಿ ಎರಡೂ ಹವ್ಯಾಸ ಖರ್ಚಾಗಿಹೋಗಿದ್ದವು. ಎದ್ದು ನಿಂತೆ. ಹೆಸರು ಬಂತು, ಊರು ಬಂತು, ಉಳಿದ ನಾಲ್ಕು ಸಾಲು ಬರಲೇ ಇಲ್ಲ. ಸರ್ ಕಾಯುತ್ತಿದ್ದರು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಇಂಗ್ಲಿಷ್. ನನ್ನ ನಾಲಿಗೆ ತನಗೆ ಗೊತ್ತಿದ್ದ ದಾರಿ ಹಿಡಿಯಿತು.

"ತಮ್ಮೂರು ಯಾವುದ್ರಿ, ಸರ್?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದೆ. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಅಂದೋಲಾ" ಎಂದರು. ಅಷ್ಟಕ್ಕೇ ಕುಳಿತಿದ್ದರೆ ಚೂರುಪಾರು ಮರ್ಯಾದೆ ಉಳಿಯುತ್ತಿತ್ತು. ಆದರೆ, ನೀವೇ ಹೇಳಿ, ಊರು ಸಿಕ್ಕ ಮೇಲೆ ಓಣಿ ಬಿಡುವುದು ಹೇಗೆ?

"ಯಾವ ಓಣಿರಿ?"

"ಮಠದ ಹಿಂದಿಂದು."

"ನಮ್ಮ ಸೋದರತ್ತಿನ್ನ ಅದ ಓಣಿಗೇ ಕೊಟ್ಟೇವ್ರಿ!"

"ಹೌದಾ? ಯಾರ ಮನಿಗಿ?" ಎಂದು ಸರ್ ಕೇಳಿಯೇಬಿಟ್ಟರು. ಕೇಳಿದ ಮೇಲೆ ಅವರಿಗೇ ಗಾಬರಿಯಾಯಿತು. "ಅದು ಆಮ್ಯಾಲ ಮಾತಾಡೂಣು. ಈಗ ನಿನ್ನ ಹವ್ಯಾಸ ಏನು, ಅದನ್ನ ಹೇಳವಾ."

ಹಿಂದಿನ ಬೆಂಚಿನವನೊಬ್ಬ ನನ್ನ ಪರವಾಗಿ ಉತ್ತರ ಕೊಟ್ಟ: "ಊರು ಕೇಳೂದ್ರಿ, ಸರ್!"

ನನ್ನ ನಂತರ ಎದ್ದವಳು ಆಳಂದದ ನಸ್ರೀನ್. ಕೈಯಲ್ಲಿದ್ದ ಹಾಳೆಯನ್ನು ಮಡಚಿಟ್ಟು, "ನಂದು ಆಳಂದರಿ. ನಮ್ಮ ಅಬ್ಬಾಂದು ಸೈಕಲ್ ದುಕಾನ್ ಅದರಿ. ನನಗ ಪಂಕ್ಚರ್ ತೆಗೀಲಾಕ ಬರ್ತದ" ಎಂದಳು. ಆಮೇಲೆ ಯಾರೂ ಪುಸ್ತಕ ಓದಲಿಲ್ಲ. ಒಬ್ಬನಿಗೆ ಕೋಳಿ ಸಾಕುವ ಹುಚ್ಚು, ಇನ್ನೊಬ್ಬನಿಗೆ ಹಳೆಯ ರೇಡಿಯೊ ಬಿಚ್ಚುವ ಹುಚ್ಚು. ಮರಳಿ ಜೋಡಿಸಲು ಕಲಿಯೋಣವೆಂದೇ ಅವನು ಇಂಜಿನಿಯರಿಂಗ್ ಸೇರಿದ್ದನಂತೆ.

ಮಧ್ಯಾಹ್ನ ನಸ್ರೀನ್ ಊಟದ ಡಬ್ಬಿ ಹಿಡಿದು ನನ್ನ ಪಕ್ಕ ಬಂದು ಕುಳಿತಳು. "ಗೊಬ್ಬೂರದಾಗ ನಿಮ್ಮ ಮನಿ ಯಾವ ಕಡಿ ಬರ್ತದ?" ಎಂದಳು. ಆ ಶನಿವಾರ ನಾನು ಊರಿಗೆ ಹೋಗಲಿಲ್ಲ.

ಇದನ್ನೆಲ್ಲ ನೆನೆದು ನಗುತ್ತ, ಹಾಳೆಯಲ್ಲಿದ್ದ ಮೂರು ತಪ್ಪು ತಿದ್ದಿ ತಲೆ ಎತ್ತಿದೆ. ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ನಾನು ನಕ್ಕದ್ದು ತನ್ನ ಇಂಗ್ಲಿಷಿಗೆ ಎಂದುಕೊಂಡಿದ್ದಳೋ ಏನೋ, ಮುಖ ಸಣ್ಣದಾಗಿತ್ತು. ಹಾಳೆಯಲ್ಲಿ ಅವಳ ಊರಿನ ಹೆಸರಿತ್ತು. ನಾನು ಅದರ ಸ್ಪೆಲ್ಲಿಂಗ್ ಮಾತ್ರ ನೋಡಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಒಳಗ ಬಾ, ಕೂಡು. ನಿಮ್ಮೂರು ಯಾವುದಬೇ?"

"ಜೇವರ್ಗಿ ತಾಲೂಕರಿ" ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿದವು. "ಬಂದು ನಾಕು ದಿನಾ ಆತರಿ, ಅಕ್ಕಾ. ಯಾರೂ ಕೇಳಿದ್ದಿಲ್ಲರಿ."