ಶೋಕೇಸಿಗೆ ಹಿಡಿಸದ ಗೇಮ್ ಪೆಟ್ಟಿಗೆ

ಮದುವೆಯಾಗಿ ಯಾದಗಿರಿಯಿಂದ ಸುರಪುರಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಗೇಮ್ ಕನ್ಸೋಲ್ ಇತ್ತು. ಎರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಸಂಬಳ ಕೂಡಿಟ್ಟು ಕೊಂಡದ್ದು. ಚಿಕ್ಕಂದಿನಲ್ಲಿ ನಾನು ಆಡಿದ ಟಿವಿ ಗೇಮು ಊಟದ ಡಬ್ಬಿಯಷ್ಟಿತ್ತು. ಆಟ ಮುಗಿದರೆ ಗಾದಿಯ ಕೆಳಗೆ ಸೇರುತ್ತಿತ್ತು. ಇದು ಹಾಗಲ್ಲ. ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಎತ್ತರ, ನಡುವೆ ಕಪ್ಪು, ಎರಡೂ ಕಡೆ ಇಸ್ತ್ರಿ ಮಾಡಿದ ಕಾಲರಿನಂತೆ ನಿಂತ ಬಿಳಿ ರೆಕ್ಕೆ. ಮಾಡಿದವರ ತಲೆಯಲ್ಲಿ ಎಂಥ ದೊಡ್ಡ ಮನೆ ಇತ್ತೋ ಏನೋ.

ಶೋಕೇಸಿಗೆ ಅದು ಹಿಡಿಸಲಿಲ್ಲ. ಟಿವಿ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತಿತು. ಮನೆಗೆ ಬಂದವರ ಕಣ್ಣು ಮೊದಲು ಅದರ ಮೇಲೆಯೇ.

"ಏನ್ರಿ ಇದು, ಕೂಲರೇನು?"

"ನಮ್ಮ ಹುಡುಗಂದ್ರಿ. ಆಟದ ಹುಚ್ಚು ಅವಂಗ," ಎಂದು ಅತ್ತೆ ತಟ್ಟನೆ ಹೇಳಿಬಿಡುತ್ತಿದ್ದರು.

ನನ್ನ ಗಂಡನಿಗೆ ಅದನ್ನು ಆನ್ ಮಾಡಲೂ ಬರುತ್ತಿರಲಿಲ್ಲ. ಅತ್ತೆಗೂ ಅದು ಗೊತ್ತಿತ್ತು. ಸೊಸೆ ಆಟ ಆಡುತ್ತಾಳೆ ಎನ್ನಲು ಅವರಿಗೆ ನಾಚಿಕೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮನೆಯಲ್ಲಿ ನನ್ನದು ಎನ್ನಲು ಇದ್ದದ್ದು ಅದೊಂದೇ. ಏನೂ ಆಗದವಳಂತೆ ಬಂದವರಿಗೆ ಚಹಾ ಕೊಡುತ್ತಿದ್ದೆ, ಬೇಕಂತಲೇ ಸಕ್ಕರೆ ಕಮ್ಮಿ ಹಾಕಿ.

ಮಧ್ಯಾಹ್ನ ಮಾತ್ರ ನನ್ನದು. ಅತ್ತೆ ಅಲ್ಲೇ ಚಾಪೆಯ ಮೇಲೆ ಅಡ್ಡಾದ ಮೇಲೆ ಕಿಟಕಿ ಮುಚ್ಚಿ ಕೂರುತ್ತಿದ್ದೆ. ರೆಕ್ಕೆಯ ಒಳಗಿಂದ ನೀಲಿ ಬೆಳಕು ಮೆಲ್ಲಗೆ ಗೋಡೆ ಹತ್ತುತ್ತಿತ್ತು. ಹೊರಗೆ ಗುಡ್ಡದ ಬಂಡೆಗಳು ಬಿಸಿಲಿಗೆ ಸುಡುತ್ತಿದ್ದರೆ, ಒಳಗೆ ನಾನು ಮಂಜು ಬಿದ್ದ ರಸ್ತೆಯಲ್ಲಿ ಕಾರು ಬಿಡುತ್ತಿದ್ದೆ. ಫ್ಯಾನಿನ ಸದ್ದು, ಅತ್ತೆಯ ಗೊರಕೆ, ಆ ಪೆಟ್ಟಿಗೆಯ ಸಣ್ಣ ಉಸಿರು ಎಲ್ಲ ಒಂದಾಗಿ, ಯಾವ ಊರಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಒಮ್ಮೊಮ್ಮೆ ಗೊರಕೆ ನಿಂತಿರುತ್ತಿತ್ತು. ನಾನು ತಿರುಗಿ ನೋಡುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಬೆಕ್ಕು ಹಾರಿ ಸ್ಟೂಲು ಉರುಳುವುದರಲ್ಲಿತ್ತು. ಓಡಿಬಂದು ಹಿಡಿದವರು ಅತ್ತೆ. ಮರುದಿನ ಅವರೇ ಶಹಾಪುರದಿಂದ ಬಡಿಗ ಚಾಚಾನನ್ನು ಕರೆಸಿದರು, ಗೋಡೆಗೆ ಒಂದು ಹಲಗೆ ಹೊಡೆಸಲು.

ಚಾಚಾ ಟೇಪು ಹಿಡಿದು ಸುತ್ತ ನೋಡಿದರು. "ಭಾಳ ದೊಡ್ಡದದರಿ ಅಕ್ಕಾರ. ಅಡ್ಡ ಮಲಗಿಸಿದ್ರ ನಡೀತದೇನು?"

"ನಡೀತದ್ರಿ ಚಾಚಾ. ಸುತ್ತ ಗಾಳಿ ಆಡಬೇಕು, ಅಷ್ಟ," ಎಂದೆ.

ನಾಲ್ಕು ನಾಲ್ಕು ಬೆರಳು ಜಾಗ ಬಿಟ್ಟು ಗುರುತು ಹಾಕಿಕೊಂಡರು. ಇನ್ನು ಎತ್ತರ. ಬಳಸುವವರ ಕೈ ಎತ್ತಿಸಿ, ಬೆರಳ ತುದಿ ಮುಟ್ಟಿದಲ್ಲಿ ಗೋಡೆಗೆ ಗೆರೆ ಎಳೆಯುವುದು ಅವರ ರೂಢಿ.

"ಯಾರದಿದು? ಅವರು ಬಂದು ನಿಂದರ್ರಿ."

ಬಾಗಿಲಲ್ಲಿದ್ದ ನನ್ನ ಗಂಡ ತಾಯಿಯ ಮುಖ ನೋಡಿ, ಅಭ್ಯಾಸದಿಂದ ಒಂದು ಹೆಜ್ಜೆ ಮುಂದೆ ಬಂದ. ನಾನು ನೆಲ ನೋಡಿದೆ.

"ನೀ ಎಲ್ಲಿಗಿ ಹೊಂಟಿ?" ಎಂದರು ಅತ್ತೆ ಅವನಿಗೆ. ಆಮೇಲೆ ಚಾಚಾನ ಕಡೆ ತಿರುಗಿ, "ಅದು ನಮ್ಮ ಸೊಸಿದ್ರಿ. ಅಕಿ ಕೈ ಅಳತಿ ತಗೋರಿ," ಎಂದರು.

ಗೋಡೆಯ ಮುಂದೆ ಹೋಗಿ ನಿಂತೆ. ಕೈ ಏಳಲಿಲ್ಲ. ಅತ್ತೆಯೇ ನನ್ನ ಮೊಣಕೈ ಹಿಡಿದು ಮೇಲೆತ್ತಿದರು.