ಜಸುಲಿ ಕಾಕಿಯ ಗೋಡೆಗೆ ಬಿದ್ದ ನೆರಳು

ಉತ್ತರದ ಬೆಟ್ಟದೂರು ಮುಕ್ತೇಶ್ವರದ ಪೇಟೆಬೀದಿಯಲ್ಲಿ ಚಹಾದಂಗಡಿ ಇಟ್ಟಿರುವ ಜಸುಲಿಗೆ ಅರವತ್ತೆರಡು ವರ್ಷ. ಬೀದಿಯ ಕಿರಿಯರಿಗೆಲ್ಲ ಆಕೆ ಕಾಕಿ, ಚಿಕ್ಕಮ್ಮ. ಈವರೆಗೆ ಯಾರೆದುರೂ ಸೋತವಳಲ್ಲ. ಒಮ್ಮೆ ಹಿತ್ತಿಲಿಗೆ ನುಗ್ಗಿದ ಚಿರತೆಯನ್ನು ಸೌಟು ಬೀಸಿ ಓಡಿಸಿದಳು. ಪಾಪ, ಚಿರತೆ ನಾಯಿಯನ್ನು ಹುಡುಕಿಕೊಂಡು ಬಂದಿತ್ತು. ಸೌಟಿನ ಬಗ್ಗೆ ಅದಕ್ಕೆ ಯಾರೂ ಹೇಳಿರಲಿಲ್ಲ. ಅರಣ್ಯ ಕಾವಲುಗಾರನಾಗಿದ್ದ ಗಂಡ ತೀರಿಕೊಂಡಾಗ ನೆಂಟರೆಲ್ಲ ಸೇರಿ ಅಂಗಡಿ ಮುಚ್ಚೆಂದು ಬುದ್ಧಿ ಹೇಳಿದರು. ಆಕೆ ಮಾರನೆಯ ದಿನವೇ ಎರಡನೆಯ ಒಲೆ ಹೂಡಿದಳು.

ಆದರೆ ಇವೆಲ್ಲ ಚಿಲ್ಲರೆ ಜಗಳ. ಆಕೆಯ ಮಹಾಯುದ್ಧ ನಡೆದದ್ದು ಚಳಿಗಾಲದ ಜೊತೆ. ಪುಷ್ಯಮಾಸ ಬಂತೆಂದರೆ ಬೆಟ್ಟದ ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಕೆಳಗೆ ಹಲ್ದ್ವಾನಿಯ ಬಯಲಿಗೆ ಇಳಿಯುತ್ತಾರೆ. ಅಜ್ಜಂದಿರ ಕಾಲದ ರೂಢಿ. ಜಸುಲಿ ಮಾತ್ರ ಮೂವತ್ತೊಂದು ಚಳಿಗಾಲದಿಂದ ಇಳಿದಿಲ್ಲ. ಅಲ್ಲಿ ನೆಲೆಸಿರುವ ವಾರಗಿತ್ತಿ ಗಂಗಾ ವರ್ಷ ವರ್ಷವೂ ಫೋನು ಮಾಡುತ್ತಾಳೆ.

"ಅಕ್ಕಾ, ಈ ಸಲನಾದ್ರೂ ಬಾ. ಮಂಡಿ ಹಿಡ್ಕೊಂಡು ಬಿದ್ರೆ ಅಲ್ಲಿ ಯಾರು ನೋಡ್ತಾರೆ?"

"ನಿಮ್ಮೂರಲ್ಲಿ ಸೂರ್ಯ ಇದಾನಾ?"

"ಎಲ್ಲಿ ಬಂತು, ಹತ್ತು ದಿನದಿಂದ ಬರೀ ಮಂಜು. ಒಗೆದ ಬಟ್ಟೆ ಒಣಗಿಲ್ಲ."

"ಇಲ್ಲಿ ನನ್ ಗೋಡೆ ಮೇಲೆ ಕೂತಿದಾನೆ ನೋಡು. ಬೇಕಿದ್ರೆ ನೀನೇ ಬಾ."

ಅದು ಅಂಗಡಿಯ ಮುಂದಿನ ಕಲ್ಲುಗೋಡೆ. ಸೊಂಟದೆತ್ತರ, ಎಂಟು ಹೆಂಗಸರು ಕೂರುವಷ್ಟು ಉದ್ದ. ಅಂಗಡಿಯೊಳಗೆ ಬಕೆಟ್ಟಿನ ನೀರು ಬೆಳಗ್ಗೆ ಒಡೆದು ತೆಗೆಯಬೇಕಾದ ಸ್ಥಿತಿಯಲ್ಲಿರುತ್ತದೆ. ಗೋಡೆಯ ಮೇಲೆ ಮಾತ್ರ ಹತ್ತರಿಂದ ಮೂರರವರೆಗೆ ರೊಟ್ಟಿಯ ಹೆಂಚಿನಂಥ ಬಿಸಿಲು. ಬೀದಿಯ ಹೆಂಗಸರೆಲ್ಲ ಅಲ್ಲಿ ಸೇರಿ ತೆಂಗಿನಕಾಯಿ ಗಾತ್ರದ ಬೆಟ್ಟದ ನಿಂಬೆ ಸುಲಿದು, ಮೊಸರು, ಬೆಲ್ಲ, ಮೂಲಂಗಿ ಹಾಕಿ, ಹುರಿದ ಭಂಗಿಬೀಜವನ್ನು ಹಸಿಮೆಣಸಿನ ಜೊತೆ ಅರೆದು ಕಲಸಿ ತಿನ್ನುತ್ತಾರೆ. ಜೊತೆಗೆ ಅಲ್ಲಿಲ್ಲದವರನ್ನೂ ಸ್ವಲ್ಪ ಅರೆಯುತ್ತಾರೆ. ಜಸುಲಿಯ ಮಂಡಿ ನಡೆಯುತ್ತಿದ್ದುದೂ ಆ ಬಿಸಿಲಿನ ಬಲದಿಂದಲೇ.

ರಸ್ತೆಯಾಚೆ ಒಂದು ಹೋಟೆಲು. ಅದರ ಮ್ಯಾನೇಜರು ಹರೀಶ್ ಲೋಹನಿ ಇದೇ ಬೀದಿಯವನು, ಇದೇ ಗೋಡೆ ಹಿಡಿದು ನಡೆಯಲು ಕಲಿತವನು. ಈಗ ಟೈ ಕಟ್ಟುತ್ತಾನೆ. ಕಾರ್ತಿಕದಲ್ಲಿ ಹೋಟೆಲಿನ ತಾರಸಿಯ ಅಂಚಿಗೆ, ರಸ್ತೆಗೆ ಮುಖ ಮಾಡಿ, ಎರಡಾಳೆತ್ತರದ ಫ್ಲೆಕ್ಸು ನಿಲ್ಲಿಸಿದ: 'ಮಂಜಿನ ಊರು ಬಿಡಿ, ವಾರಾಂತ್ಯಕ್ಕೆ ನಮ್ಮ ಬಿಸಿಲಿಗೆ ಬನ್ನಿ!' ಆಗ ಅದರ ನೆರಳು ರಸ್ತೆಯ ನಡುವೆ ಬೀಳುತ್ತಿತ್ತು, ಯಾರೂ ಸೊಪ್ಪು ಹಾಕಲಿಲ್ಲ. ಮಾರ್ಗಶಿರದಲ್ಲಿ ಸೂರ್ಯ ತಗ್ಗಿದ. ನೆರಳು ದಿನಕ್ಕೆ ನಾಲ್ಕು ಬೆರಳಿನಂತೆ ದಂಡೆತ್ತಿ ಬಂದು ಚರಂಡಿ ದಾಟಿತು, ಮೆಟ್ಟಿಲು ಹತ್ತಿತು. ಪುಷ್ಯದ ಒಂದು ಶುಕ್ರವಾರ ಗೋಡೆಯನ್ನು ಪೂರ್ತಿ ನುಂಗಿತು.

"ಜಸುಲಿ, ಇದರ ಮೇಲೆ ಕೂತ್ರೆ ನಾನು ಇಲ್ಲೇ ಅಂಟ್ಕೋತೀನಿ," ಎಂದಳು ಎಪ್ಪತ್ತರ ಖಿಮುಲಿ. "ಕಿತ್ತು ತೆಗೆಯೋಕೆ ಗುದ್ದಲಿ ಬೇಕಾಗತ್ತೆ."

ಜಸುಲಿ ರಸ್ತೆ ದಾಟಿ ಹರೀಶನನ್ನು ಕಂಡಳು.

"ಹರುವಾ, ನಿನ್ ಬೋರ್ಡು ತೆಗೆ. ನನ್ ಗೋಡೆ ಹೆಪ್ಪುಗಟ್ಟಿದೆ."

"ಕಾಕಿ, ಫಾಲ್ಗುಣದಲ್ಲಿ ಸೂರ್ಯ ಮತ್ತೆ ಮೇಲೇರ್ತಾನೆ, ತಾನಾಗೇ ಸರಿಹೋಗತ್ತೆ. ಅಲ್ಲೀವರೆಗೆ ಆರಾಮಾಗಿ ಹಲ್ದ್ವಾನಿಗೆ ಹೋಗ್ಬನ್ನಿ."

ಅಷ್ಟು ಸಾಕಾಯಿತು. ಚಿರತೆ ಕೂಡ ಆ ಮಾತು ಆಡಿರಲಿಲ್ಲ.

ಶನಿವಾರ ಹತ್ತೂವರೆಗೆ ಸೇನೆ ಹೊರಟಿತು. ಎಂಟು ಹೆಂಗಸರು, ಎರಡು ಬುಟ್ಟಿ ನಿಂಬೆ, ಕಲಸಲು ಅಗಲವಾದ ಒಂದು ಹಿತ್ತಾಳೆ ಪರಾತ, ಹೊದಿಕೆಗಳು, ಉದ್ದಿನ ಸಂಡಿಗೆಯ ಹಿಟ್ಟು. ಒರಳುಕಲ್ಲನ್ನು ಖಿಮುಲಿಯೇ ತಲೆಮೇಲೆ ಹೊತ್ತಿದ್ದಳು. ಬೇರೆ ಯಾರಿಗೂ ಕೊಡಲೊಪ್ಪಲಿಲ್ಲ. ಹೋಟೆಲಿನ ಮೆಟ್ಟಿಲು ಹತ್ತಿ, ಫ್ಲೆಕ್ಸಿನ ಬೆನ್ನಹಿಂದಿನ ತಾರಸಿಗೆ ಕಾಲಿಟ್ಟರೆ, ಅಹಾ, ಊರಿನ ಬಿಸಿಲೆಲ್ಲ ಅಲ್ಲಿ ಸುರಿದುಕೊಂಡು ಬಿದ್ದಿದೆ! ಮುರಾದಾಬಾದು, ಬರೇಲಿಯ ಮಂಜಿನಿಂದ ಓಡಿಬಂದ ಅತಿಥಿಗಳು ಬೆತ್ತದ ಕುರ್ಚಿಗಳಲ್ಲಿ ಒಣಹಾಕಿದ ಕಂಬಳಿಗಳಂತೆ ಹರಡಿಕೊಂಡಿದ್ದಾರೆ. ಜಸುಲಿ ನಟ್ಟನಡುವೆ ಹೊದಿಕೆ ಹಾಸಿ ಕೂತಳು.

ಹರೀಶ ಓಡಿಬಂದ. "ಕಾಕಿ, ಏನಿದು? ಇದು ಗೆಸ್ಟುಗಳ ಜಾಗ!"

"ನಾವೂ ಗೆಸ್ಟೇ. ಬಿಸಿಲಿಗೆ ಬನ್ನಿ ಅಂತ ಇಷ್ಟ್ ದೊಡ್ಡದಾಗಿ ಬರೆಸಿದೀಯಲ್ಲ, ಬಂದ್ವಿ."

"ಅದು ರೂಮು ತಗೊಂಡೋರಿಗೆ!"

"ಹಂಗಂತ ಬರೆಸಿಲ್ಲ," ಎಂದಳು ಖಿಮುಲಿ. ಆಕೆಗೆ ಓದು ಬರುವುದಿಲ್ಲ.

ಮುರಾದಾಬಾದಿನ ಹೆಂಗಸೊಬ್ಬಳು ಪರಾತದ ಪರಿಮಳಕ್ಕೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಭಂಗಿಬೀಜ ಎಂದು ಕೇಳಿ ಕೈ ಹಿಂದೆಗೆದಳು. "ತಲೆ ತಿರುಗಲ್ವಾ?"

"ಬೀಜಕ್ಕೆ ತಿರುಗಲ್ಲ ತಾಯಿ. ಮೆಣಸಿನಕಾಯಿಗೆ ತಿರುಗಿದ್ರೆ ನಾನು ಹೊಣೆ ಅಲ್ಲ," ಎಂದಳು ಜಸುಲಿ.

ಅರ್ಧಗಂಟೆಯಲ್ಲಿ ತಾರಸಿಯ ಅತಿಥಿಗಳೆಲ್ಲ ಪರಾತದ ಸುತ್ತ ಮೂಗು ಸುರಿಸುತ್ತ ಬೆರಳು ನೆಕ್ಕುತ್ತಿದ್ದರು. ಹರೀಶನ ಮುಖ ಬೆಳಗಿತು. ಕುಕ್ಕರುಗಾಲಲ್ಲಿ ಕೂತು ಪಿಸುಗುಟ್ಟಿದ:

"ಕಾಕಿ, ಪ್ರತಿ ಶನಿವಾರ ಭಾನುವಾರ ಹಿಂಗೇ ಬಂದ್ಬಿಡಿ. ಮದುವೆ ಪಿಛೌಡಾ ಶಾಲು ಹೊದ್ಕೊಂಡು, ದೊಡ್ಡ ನತ್ತು ಹಾಕ್ಕೊಂಡು. ನಿಮಗೂ ಏನಾದ್ರೂ ಕೊಡಿಸ್ತೀನಿ."

"ನನ್ ಮದುವೆ ಒಂದ್ಸಲ ಆಗಿದೆ, ಸಾಕು," ಎಂದಳು ಜಸುಲಿ. "ನಾನು ಬಂದಿರೋದು ನಿನ್ ಗೆಸ್ಟುಗಳನ್ನ ನಗಿಸೋಕಲ್ಲ. ನನ್ ಬಿಸಿಲು ಇಲ್ಲಿಗೆ ಓಡಿಬಂದಿದೆ, ಅದರ ಹಿಂದೆ ಬಂದಿದೀನಿ. ಬೋರ್ಡು ಇಳಿಸು, ಇಳೀತೀನಿ."

"ಓನರು ದಿಲ್ಲಿಯಲ್ಲಿದಾರೆ ಕಾಕಿ. ನನ್ ಕೈಲೇನಿದೆ?"

"ಸರಿ ಹಾಗಾದ್ರೆ, ನಾಳೆ ಸಿಗೋಣ."

ಭಾನುವಾರ ಹದಿನೇಳು ಹೆಂಗಸರು ಬಂದರು. ಈ ಸಲ ಕಲಸಿದ ನಿಂಬೆ ಯಾರಿಗೂ ಹಂಚಲಿಲ್ಲ. ಊಟದ ಮೇಜುಗಳ ಮೇಲೆಲ್ಲ ಸಂಡಿಗೆ ಇಟ್ಟರು. ಕುರ್ಚಿಬೆನ್ನಿಗೆ ರಜಾಯಿ ಹರವಿದರು. ಮೂವರು ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಒಬ್ಬರ ಹಿಂದೊಬ್ಬರು ಕೂತು ಹೇನು ನೋಡಲು ಶುರುಮಾಡಿದರು. ತಿಂಡಿಗೆ ಮೇಲೆ ಬಂದ ಅತಿಥಿಗಳಿಗೆ ಒಂದು ಕುರ್ಚಿಯೂ ಸಿಗಲಿಲ್ಲ. ಬರೇಲಿಯ ದಪ್ಪ ಯಜಮಾನರೊಬ್ಬರು ತಟ್ಟೆ ಹಿಡಿದು ನೆರಳಿನ ಮೂಲೆಯಲ್ಲಿ ನಡುಗುತ್ತ ಗುಡುಗಿದರು: "ಏನ್ರೀ ಲೋಹನಿ, ಬಿಸಿಲು ಅಂತ ಕರೆಸಿ ನಮ್ಮನ್ನ ಇಲ್ಲಿ ನಿಲ್ಲಿಸಿದೀರಲ್ಲ? ಬಿಸಿಲು ಯಾರ್ದು ಇಲ್ಲಿ?"

"ಅದನ್ನೇ ನಾನೂ ನಿನ್ನೆಯಿಂದ ಕೇಳ್ತಿರೋದು ಭಯ್ಯಾ," ಎಂದಳು ಜಸುಲಿ.

ಹರೀಶ ಮೂಲೆಗೆ ಹೋಗಿ ದಿಲ್ಲಿಗೆ ಫೋನು ಹಚ್ಚಿದ. ಟೈ ಸಡಿಲಿಸಿಕೊಂಡ. ಫೋನು ಜೇಬಿಗಿಟ್ಟು, ಕೋಟು ಬಿಚ್ಚಿ, ಫ್ಲೆಕ್ಸು ಕಟ್ಟಿದ್ದ ಬಿದಿರನ್ನು ತಾನೇ ಹತ್ತಿದ. ಮೇಲಿನ ಹಗ್ಗಗಳನ್ನು ಬಿಚ್ಚಿ ಫ್ಲೆಕ್ಸನ್ನು ಅರ್ಧಕ್ಕೆ ಮಡಚಿ ಕಟ್ಟಿದ. ಜಸುಲಿ ಎದ್ದು ಅಂಚಿಗೆ ಬಂದು ಕೆಳಗೆ ಇಣುಕಿದಳು. ರಸ್ತೆಯಾಚೆ ಗೋಡೆಯ ನೆತ್ತಿಗೆ ಬಿಸಿಲು ಮುಟ್ಟಿತ್ತು. ಬುಡದ ಒಂದೂವರೆ ಮೊಳ ಇನ್ನೂ ಕಪ್ಪಗಿತ್ತು.

"ಆಯ್ತಲ್ಲ ಕಾಕಿ?" ಬಿದಿರನ್ನು ತಬ್ಬಿಕೊಂಡೇ ಹರೀಶ ಕೇಳಿದ. "ನಿಮಗೂ ಆಯ್ತು, ಓನರಿಗೂ ಆಯ್ತು. ಕೂರೋ ಜಾಗಕ್ಕೆ ಬಿಸಿಲು ಬಂತು ನೋಡಿ."

"ಕೂರೋದು ಎಲ್ಲಿ ಅಂತ ನಿಂಗೆ ಗೊತ್ತು. ಮಂಡಿ ಎಲ್ಲಿ ತೂಗಾಡತ್ತೆ ಅಂತ ಗೊತ್ತಾ?"

"ಕಾಕಿ, ದಯವಿಟ್ಟು..."

ಜಸುಲಿ ಮರಳಿ ಹೊದಿಕೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಬುಟ್ಟಿಯಿಂದ ಇನ್ನೊಂದು ನಿಂಬೆ ತೆಗೆದಳು.

"ಮಿಕ್ಕಿದ್ದನ್ನ ನಿಧಾನಕ್ಕೆ ಬಿಚ್ಚು, ಬಿದ್ದೀಯ," ಎಂದಳು. "ನಮಗೇನೂ ಅವಸರ ಇಲ್ಲ."