ದುರ್ಗವ್ವ ಕೂಡಿಸಿದ ವೆನಿಲ್ಲಾ ಹೂಗಳು

ಫೆಬ್ರವರಿಯ ಎರಡನೇ ವಾರ, ಬೆಳಗ್ಗೆ ಆರೂವರೆ. ಚೊಕ್ಕಸಂದ್ರದ ಆ ಮೂರಂತಸ್ತಿನ ಮನೆಯ ತಾರಸಿಯಲ್ಲಿ ದುರ್ಗವ್ವ ಒದ್ದೆ ಬಟ್ಟೆ ಕೊಡವಿ ತಂತಿಗೆ ಹಾಕುತ್ತಿದ್ದಳು. ಎಂಟು ಗಂಟೆಗೆ ಪೀಣ್ಯದ ಕಾರ್ಖಾನೆಯಲ್ಲಿ ಹಾಜರಿ ಹಾಕಬೇಕು. ಒಳಗೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಅಷ್ಟರಲ್ಲಿ ತಾರಸಿಯ ಇನ್ನೊಂದು ತುದಿಯಲ್ಲಿದ್ದ ಹಸಿರುಮನೆಯಿಂದ ಮನೆಯೊಡತಿ ಭುವನೇಶ್ವರಿಯ ದನಿ ಕೇಳಿತು.

"ದುರ್ಗವ್ವ, ಬಟ್ಟೆ ಅಲ್ಲೇ ಬಿಡು. ಬೇಗ ಬಾ ಇಲ್ಲಿ."

ಆರು ವರ್ಷದಿಂದ ದುರ್ಗವ್ವ ಆ ತಾರಸಿಯ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದಳು. ಕುಷ್ಟಗಿ ಕಡೆಯವಳು. ಗಂಡ ಮುದಕಪ್ಪ ಹೊಸ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುವ ಕೆಲಸಗಾರ. ಊರು ಬಿಟ್ಟು ಬಂದ ಹೊಸದರಲ್ಲಿ ಅವಳೂ ಅವನ ಜೊತೆ ಸಿಮೆಂಟು ಹೊರಲು ಹೋಗುತ್ತಿದ್ದಳು. ಅವಳ ಸಣ್ಣ ಕೈ, ಉದ್ದನೆಯ ತೆಳ್ಳನೆಯ ಬೆರಳು ನೋಡಿ ಮೇಸ್ತ್ರಿ, "ಈ ಕೈ ಇಟ್ಕೊಂಡು ಬುಟ್ಟಿ ಹೊರ್ತೀಯಾ" ಎಂದು ಎಲ್ಲರೆದುರು ನಕ್ಕಿದ್ದ. ಆಮೇಲೆ ಅವಳು ಹಿತ್ತಾಳೆಯ ಪುಟ್ಟ ಪಿನ್ನುಗಳನ್ನು ಮಾಡುವ ಕಾರ್ಖಾನೆ ಸೇರಿದಳು. ಮಸೂರದ ಕೆಳಗೆ ಪಿನ್ನು ಹಿಡಿದು, ಅದರ ತುದಿಗೆ ಅಂಟಿಕೊಂಡಿರುವ ಕೂದಲೆಳೆಯಂಥ ಲೋಹದ ಚೂರನ್ನು ಗೀರಾಗದಂತೆ ತೆಗೆಯುವುದು ಅವಳ ಕೆಲಸ.

ಭುವನೇಶ್ವರಿಯ ಹಸಿರುಮನೆಯೆಂದರೆ ಕಬ್ಬಿಣದ ಪೈಪುಗಳ ಚೌಕಟ್ಟು, ಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ ಹಸಿರು ನೆರಳುಬಲೆ. ಗಂಡ ಹನುಮಂತರಾಯಪ್ಪ ನಿವೃತ್ತ ಮೆಕ್ಯಾನಿಕ್. ತಾನೇ ನಿಂತು ವೆಲ್ಡಿಂಗ್ ಮಾಡಿಸಿದ್ದ. ಒಳಗೆ ಕಾಲಿಡಲು ಒಂದೇ ಒಂದು ಓಣಿ. ಎಡಕ್ಕೆ ಕೆಂಪು ಆಂಥೂರಿಯಂ, ಜರಿಗಿಡ, ಟೊಮೆಟೊ ಮತ್ತು ದೊಣ್ಣೆಮೆಣಸಿನ ಸಸಿಗಳ ತಟ್ಟೆಗಳು. ಮೇಲಿನಿಂದ ತೂಗುಬಿಟ್ಟ, ಇದ್ದಿಲು ತುಂಬಿದ ಬುಟ್ಟಿಗಳಲ್ಲಿ ಆರ್ಕಿಡ್. ಬಲಕ್ಕೆ ತೆಂಗಿನ ನಾರು ಸುತ್ತಿದ ಕಂಬಗಳ ಮೇಲೆ ಹತ್ತಿ, ಇಳಿದು, ಮತ್ತೆ ಹತ್ತಿದ ಒಂದು ದಪ್ಪ ಎಲೆಯ ಬಳ್ಳಿ. ಅದೇ ವೆನಿಲ್ಲಾ.

ದುರ್ಗವ್ವ ಬಾಗಿ ಒಳಗೆ ಹೋದಳು. ಭುವನೇಶ್ವರಿ ಕನ್ನಡಕ ಹಣೆಗೇರಿಸಿಕೊಂಡು ಬಳ್ಳಿಯ ಮುಂದೆ ಮಣೆ ಹಾಕಿ ಕೂತಿದ್ದಳು. ಎದುರಿಗೆ, ಬಾಳೆಗೊನೆಯ ಹಾಗೆ ಒತ್ತಾಗಿದ್ದ ಮೊಗ್ಗುಗಳ ನಡುವೆ, ತಿಳಿಹಸಿರು ಬಣ್ಣದ ಒಂದೇ ಒಂದು ಹೂ ಅರಳಿತ್ತು.

"ಇದು ಮಧ್ಯಾಹ್ನದೊಳಗೆ ಬಾಡಿಹೋಗುತ್ತೆ ಕಣೆ," ಎಂದಳು ಭುವನೇಶ್ವರಿ. "ನಾಳೆ ಇನ್ನೊಂದು ಅರಳುತ್ತೆ, ಅದೂ ಬಾಡುತ್ತೆ. ಇದರೊಳಗೆ ಪರಾಗ ಸೇರಿಸೋ ಹುಳ ನಮ್ಮ ದೇಶದಲ್ಲಿಲ್ಲ. ಕೈಯಲ್ಲೇ ಸೇರಿಸಬೇಕು. ನನ್ನ ಕೈ ನೋಡು."

ಅವಳು ಬೆರಳು ಚಾಚಿದಳು. ಎರಡು ವರ್ಷದಿಂದ ಅವಳಿಗೆ ಕೈನಡುಕ. ಹೋದ ವರ್ಷ ಈ ಬಳ್ಳಿ ಮೊದಲ ಸಲ ಹನ್ನೊಂದು ಹೂ ಬಿಟ್ಟಿತ್ತು. ಒಂದೂ ಕಾಯಿ ಕಚ್ಚಲಿಲ್ಲ. ಆರು ಅವಳ ನಡುಗುವ ಕೈಯಲ್ಲಿ ಹರಿದವು. ಉಳಿದವುಗಳಿಗೆ ಕೈಹಾಕಿದ ಹನುಮಂತರಾಯಪ್ಪನ ಹೆಬ್ಬೆರಳಿಗೆ ಸಿಕ್ಕಿ ಅವೂ ಜಜ್ಜಿಹೋದವು. ಆಮೇಲೆ ಎರಡು ದಿನ ಗಂಡಹೆಂಡಿರ ನಡುವೆ ಮಾತಿರಲಿಲ್ಲ.

"ನೀನು ದಿನಾ ಸೂಜಿಮೊನೆಯಂಥ ಕೆಲಸ ಮಾಡ್ತೀಯಲ್ಲ," ಎಂದಳು ಭುವನೇಶ್ವರಿ. "ಒಂದ್ಸಲ ನೋಡ್ತೀಯಾ? ಹೇಗೆ ಅಂತ ನಾನು ಹೇಳಿಕೊಡ್ತೀನಿ."

ದುರ್ಗವ್ವ ಹೂವಿನ ಹತ್ತಿರ ಮುಖ ತಂದಳು. "ಅಮ್ಮಾರ, ನಾ ಈ ಕೆಲಸ ಮಾಡೀನ್ರಿ," ಎಂದಳು.

"ಯಾವ ಕೆಲಸ?"

"ಹೂ ಕೂಡಸೋ ಕೆಲಸರಿ. ಸಣ್ಣಾಕಿ ಇದ್ದಾಗ ನಮ್ಮೂರಾಗ ಹತ್ತಿ ಬೀಜದ ಪ್ಲಾಟಿಗೆ ಹೋಗ್ತಿದ್ವಿ. ಸಂಜೀಕ ಮೊಗ್ಗು ಬಿಡಿಸಿ ಗಂಡು ಕೇಸರ ತಗದು ಬಿಡೂದು, ಮುಂಜಾನೆ ಇನ್ನೊಂದು ಹೂವಿನ ಪುಡಿ ತಂದು ಹಚ್ಚೂದು. ಟೊಮ್ಯಾಟೊ ಹೂವಿಗೂ ಮಾಡೀನಿ. ಹನ್ನೊಂದು ವರ್ಷ ಮಾಡೀನ್ರಿ."

ಭುವನೇಶ್ವರಿ ಅವಳನ್ನೇ ನೋಡಿದಳು. ಆರು ವರ್ಷ ಇಬ್ಬರೂ ಒಂದೇ ತಾರಸಿಯ ಮೇಲೆ ಓಡಾಡಿದ್ದರು. ನೀರು ಬಂತಾ, ಮೋಟರ್ ಆಫ್ ಮಾಡಿದೆಯಾ, ಇದಕ್ಕಿಂತ ಹೆಚ್ಚು ಮಾತು ಅವರ ನಡುವೆ ನಡೆದಿರಲಿಲ್ಲ. "ನೀನು ಹೇಳಲೇ ಇಲ್ಲವಲ್ಲೇ," ಎಂದಳು.

"ನೀವು ಕೇಳಲಿಲ್ಲಲ್ರಿ."

ಹತ್ತಿಗಿಂತ ಈ ಹೂ ಬೇರೆ. ಗಂಡೂ ಹೆಣ್ಣೂ ಒಂದೇ ಹೂವಿನಲ್ಲಿ, ಒಂದೇ ಕಡ್ಡಿಯ ಮೇಲೆ. ಮೇಲೆ ಪರಾಗದ ಪುಟ್ಟ ಉಂಡೆ, ಕೆಳಗೆ ಅಂಟಂಟಾದ ಗುಳಿ, ಮಧ್ಯೆ ಈರುಳ್ಳಿ ಪೊರೆಯಷ್ಟು ತೆಳುವಾದ ಪರದೆ. ಪರದೆಯನ್ನು ಎತ್ತಿ ಹಿಂದಕ್ಕೆ ಸರಿಸಬೇಕು, ಅದೇ ಗಳಿಗೆಗೆ ಹೆಬ್ಬೆರಳಿನಿಂದ ಮೇಲಿನ ಉಂಡೆಯನ್ನು ಕೆಳಗಿನ ಗುಳಿಗೆ ಒತ್ತಬೇಕು. ಭುವನೇಶ್ವರಿ ಹೇಳುತ್ತ ಹೋದಳು, ದುರ್ಗವ್ವ ಪೊರಕೆಯಿಂದ ಒಂದು ಕಡ್ಡಿ ಎಳೆದು ತುದಿಯನ್ನು ನೆಲಕ್ಕೆ ಉಜ್ಜಿ ನಯ ಮಾಡಿಕೊಂಡಳು.

ಎಡಗೈಯಲ್ಲಿ ಹೂವನ್ನು ಹಿಡಿದಳು. ಮುಂದಿನ ಎಸಳನ್ನು ಸೀಳಿ ಮಡಚಿದಳು. ಕಡ್ಡಿ ಪರದೆಯ ಕೆಳಗೆ ಹೋಯಿತು, ಪರದೆ ಎದ್ದಿತು. ಹೆಬ್ಬೆರಳು ಒಮ್ಮೆ ಒತ್ತಿತು. ಅಷ್ಟೇ. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಆಯ್ತೇನು?" ಎಂದಳು ಭುವನೇಶ್ವರಿ.

"ಆತ್ರಿ. ಕೂಡೇತೋ ಇಲ್ಲೋ ಅಂತ ಹೆಂಗ ಗೊತ್ತಾಗ್ತತಿ?"

"ನಾಳೆ ಸಂಜೆಯೊಳಗೆ ಹೂ ಉದುರಿದರೆ ಇಲ್ಲ. ಬಾಡಿದರೂ ಬಳ್ಳಿಗೆ ಕಚ್ಚಿಕೊಂಡಿದ್ದರೆ ಕೂಡಿದೆ ಅಂತ."

ಒಲೆಯ ಮೇಲಿನ ಅನ್ನ ತಳ ಹಿಡಿದಿತ್ತು. ಅದನ್ನೇ ಡಬ್ಬಿಗೆ ತುಂಬಿಕೊಂಡು ದುರ್ಗವ್ವ ಕೆಲಸಕ್ಕೆ ಓಡಿದಳು. ಅವತ್ತು ಮಸೂರದ ಕೆಳಗೆ ಪ್ರತಿ ಪಿನ್ನೂ ಅವಳಿಗೆ ಹೂವಿನ ಕಡ್ಡಿಯಂತೆ ಕಂಡಿತು. ಹದಿನಾರು ವರ್ಷದ ಹಿಂದೆ ಬಿಟ್ಟುಬಂದ ಕೆಲಸ ಬೆರಳಿನಲ್ಲಿ ಹಾಗೆಯೇ ಕೂತಿತ್ತು, ಅವಳಿಗೇ ಗೊತ್ತಿರಲಿಲ್ಲ.

ಮಾರನೇ ದಿನ ಸಂಜೆ ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಹಸಿರುಮನೆಯ ಬಾಗಿಲಲ್ಲಿ ಭುವನೇಶ್ವರಿ ಮತ್ತು ಹನುಮಂತರಾಯಪ್ಪ ಇಬ್ಬರೂ ನಿಂತಿದ್ದರು. ಹೂ ಕಂದಾಗಿ ಮುದುಡಿತ್ತು, ಆದರೆ ಉದುರಿರಲಿಲ್ಲ. ಭುವನೇಶ್ವರಿ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದಳು. ಅದು ಅಲ್ಲಾಡಿತು, ಬೀಳಲಿಲ್ಲ.

"ಕಚ್ಚಿದೆ," ಎಂದ ಹನುಮಂತರಾಯಪ್ಪ, ತನ್ನದೇ ಕೈಯ ಕೆಲಸವೇನೋ ಎನ್ನುವಷ್ಟು ಹೆಮ್ಮೆಯಿಂದ.

ಅಲ್ಲಿಂದ ಮೂರು ವಾರ ದುರ್ಗವ್ವನಿಗೆ ಹಬ್ಬ. ಅಲಾರಂ ಹೊಡೆಯುವ ಮೊದಲೇ ಎಚ್ಚರ. ಮುಖ ತೊಳೆಯುವ ಮುಂಚೆ ಒಮ್ಮೆ ಹೋಗಿ ಮೊಗ್ಗು ನೋಡುವುದು, ತೊಳೆದ ಮೇಲೆ ಇನ್ನೊಮ್ಮೆ. ಮುದಕಪ್ಪ ತಾನೇ ಚಹಾ ಕಾಯಿಸಿಕೊಳ್ಳಲು ಕಲಿತ. ಒಂದು ಮೋಡದ ದಿನ ಹೂ ಏಳೂಮುಕ್ಕಾಲಾದರೂ ಬಾಯಿ ಬಿಡಲಿಲ್ಲ. ಬಿಟ್ಟು ಹೋಗಲು ಅವಳಿಗೆ ಕಾಲು ಬರಲಿಲ್ಲ. ಅರಳಿ, ಕೂಡಿಸಿ, ಕಾರ್ಖಾನೆ ಮುಟ್ಟಿದಾಗ ಎಂಟೂಮುಕ್ಕಾಲು.

ಕಾರ್ಖಾನೆಯ ಮಾಲೀಕ ಅಂಬರೀಶ್ ಬಾಗಿಲಲ್ಲೇ ಇದ್ದ. "ಏನ್ ದುರ್ಗಮ್ಮ, ಹತ್ತು ವರ್ಷದಲ್ಲಿ ಒಂದಿನ ಲೇಟ್ ಬಂದಿಲ್ಲ ನೀವು."

"ಹೂ ತಡಾ ಅರಳ್ತು ಸರ," ಎಂದಳು ಅವಳು.

ಅವನಿಗೆ ಅರ್ಥವಾಗಲಿಲ್ಲ. ಪೂರ್ತಿ ಕೇಳಿದ. ಕೇಳಿದ ಮೇಲೂ ನಂಬಿಕೆ ಬಾರದೆ, ಮಾರನೇ ಬೆಳಗ್ಗೆ ಬೈಕಿನಲ್ಲಿ ಚೊಕ್ಕಸಂದ್ರಕ್ಕೇ ಬಂದ. ಹಸಿರುಮನೆಯ ಓಣಿಯಲ್ಲಿ ಒಬ್ಬರ ಹಿಂದೊಬ್ಬರು ಬಗ್ಗಿ ನಿಂತರು. ದುರ್ಗವ್ವ ಕಡ್ಡಿ ತೆಗೆದುಕೊಂಡಾಗ ಅವನು ಫೋನಿನಲ್ಲಿ ವಿಡಿಯೊ ಮಾಡಿದ. ಅವತ್ತಿನಿಂದ ಹೂ ಮುಗಿಯುವವರೆಗೂ ಅವಳ ಪಾಳಿ ಒಂಬತ್ತಕ್ಕೆ ಶುರುವಾಗಿ ಸಂಜೆ ಒಂದು ಗಂಟೆ ಮುಂದಕ್ಕೆ ಹೋಯಿತು.

ಆ ವಿಡಿಯೊವನ್ನು ಭುವನೇಶ್ವರಿ ತನ್ನ ತಾರಸಿ ತೋಟದವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಊರಿನ ನಾನಾ ಕಡೆಯವರು ಅದರಲ್ಲಿದ್ದರು. ಶನಿವಾರ ಸಂಜೆ ಕಾಡುಗೋಡಿಯಿಂದ ಶಿವಗಂಗಾ ಎಂಬಾಕೆ ಭುವನೇಶ್ವರಿಯಿಂದ ನಂಬರು ಪಡೆದು ದುರ್ಗವ್ವನಿಗೆ ಫೋನು ಮಾಡಿದಳು. ಮೂಲ ದಾವಣಗೆರೆ, ಹತ್ತನೇ ಮಹಡಿಯ ಫ್ಲ್ಯಾಟಿನ ಬಾಲ್ಕನಿಗೆ ಗಾಜು ಹಾಕಿಸಿ ಹಸಿರುಮನೆ ಮಾಡಿಕೊಂಡಿದ್ದಳು. ಐದು ವರ್ಷ ಸಾಕಿದ ವೆನಿಲ್ಲಾ ಒಂದೇ ಒಂದು ಗೊಂಚಲು ಹಾಕಿತ್ತು. ಎಲ್ಲ ಮೊಗ್ಗೂ ಉದುರಿ ಉಳಿದದ್ದು ಒಂದೇ. ಅದು ಭಾನುವಾರ ಅರಳುವಂತಿತ್ತು.

"ಅಕ್ಕ, ನೀವು ಬರೋಕಾಗುತ್ತಾ?" ಎಂದಳು. "ನಾನು ಮುಟ್ಟೋಕೆ ಧೈರ್ಯ ಬರ್ತಿಲ್ಲ."

"ಬರ್ತೇನ್ರಿ," ಎಂದಳು ದುರ್ಗವ್ವ. ಕಾಡುಗೋಡಿ ಯಾವ ದಿಕ್ಕಿಗಿದೆ ಎಂದು ಆಮೇಲೆ ಗಂಡನನ್ನು ಕೇಳಿದಳು.

ಭಾನುವಾರ ಮನೆಯ ಹೂ ಕೂಡಿಸಿ ಹೊರಟಾಗಲೇ ಏಳೂವರೆ ದಾಟಿತ್ತು. ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ಜನರ ನಡುವೆ ನುಸುಳಿ ನೇರಳೆ ಮಾರ್ಗದ ಗಾಡಿ ಹಿಡಿದಳು. ಕೂರಲು ಜಾಗವಿತ್ತು, ಆದರೂ ಬಾಗಿಲ ಬಳಿಯೇ ನಿಂತಳು. ಪ್ರತಿ ನಿಲ್ದಾಣದಲ್ಲೂ ಬಿಸಿಲು ಒಂದು ಮೆಟ್ಟಿಲು ಮೇಲೇರಿದ ಹಾಗೆ ಅನ್ನಿಸುತ್ತಿತ್ತು. ಸೆರಗಿನ ತುದಿಯಲ್ಲಿ ಎರಡು ಪೊರಕೆ ಕಡ್ಡಿ ಕಟ್ಟಿಕೊಂಡಿದ್ದಳು. ಆಗಾಗ ಮುಟ್ಟಿ ನೋಡಿಕೊಂಡಳು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ತಡೆದ. "ಯಾವ ಫ್ಲ್ಯಾಟು? ಮನೆಕೆಲಸಾನಾ?"

"ಅಲ್ಲರಿ. ಹೂ ಕೂಡಸಾಕ ಬಂದೀನಿ."

"ಹೂ ಮಾರೋರು ಒಳಗೆ ಹೋಗಂಗಿಲ್ಲ."

"ಮಾರೂದಲ್ಲಪಾ, ಕೂಡಸೂದು. ತಡಾ ಆದ್ರ ಬಾಡ್ತತಿ. ನೀನ ಫೋನ್ ಹಚ್ಚಿ ಕೇಳು."

ಅವನು ಫೋನು ಹಚ್ಚಿದ. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದ. ಅಷ್ಟರಲ್ಲಿ ಲಿಫ್ಟಿನಿಂದ ಶಿವಗಂಗಾಳೇ ಬರಿಗಾಲಲ್ಲಿ ಓಡುತ್ತ ಬಂದಳು, ಕೈಯಲ್ಲಿ ಹೂವಿಗೆ ನೀರು ಚಿಮುಕಿಸುತ್ತಿದ್ದ ಬಾಟಲಿ ಹಾಗೆಯೇ ಇತ್ತು. ದುರ್ಗವ್ವನ ಕೈ ಹಿಡಿದು ಎಳೆದುಕೊಂಡು ಹೋದಳು.

ಗಾಜಿನ ಬಾಲ್ಕನಿಯಲ್ಲಿ ಆಗಲೇ ಸೆಕೆ ಶುರುವಾಗಿತ್ತು. ಹೂವಿನ ಎಸಳಿನ ಅಂಚು ಸುಕ್ಕುಗಟ್ಟುತ್ತಿತ್ತು. ದುರ್ಗವ್ವ ಕೈ ತೊಳೆದು ಒರೆಸಿಕೊಂಡಳು, ಬಗ್ಗಿ ಹೂವನ್ನು ನೋಡಿದಳು. ಬಾಡುವ ಹೂವಿನ ಪರದೆ ಅಂಟಿಕೊಂಡು ಸುಲಭಕ್ಕೆ ಎದ್ದು ಬರುವುದಿಲ್ಲ. ಕಡ್ಡಿ ಒಮ್ಮೆ ಜಾರಿತು. ಶಿವಗಂಗಾ ಮುಖ ತಿರುಗಿಸಿಕೊಂಡಳು. ದುರ್ಗವ್ವ ಕಡ್ಡಿ ಬದಲಿಸಿದಳು, ಈ ಸಲ ಪಕ್ಕದಿಂದ ಹಾಕಿ, ಎತ್ತಿ, ಒತ್ತಿದಳು.

"ತಿರುಗಿ ನೋಡ್ರಿ," ಎಂದಳು. "ಮುಗೀತು."

ಶಿವಗಂಗಾ ಅವಳನ್ನು ಊಟ ಮಾಡಿಸದೆ ಕಳಿಸಲಿಲ್ಲ. ಬೆಣ್ಣೆ ದೋಸೆಯ ಮೇಲೆ ದೋಸೆ ಹಾಕುತ್ತ ಬಳ್ಳಿಯ ಕಥೆಯನ್ನೆಲ್ಲ ಹೇಳಿದಳು. ಸೋಮವಾರ ಸಂಜೆ ದುರ್ಗವ್ವನ ಫೋನಿಗೆ ಒಂದು ಫೋಟೊ ಬಂತು. ಕಂದುಬಣ್ಣದ ಮುದುಡಿದ ಹೂ, ಬಳ್ಳಿಗೆ ಗಟ್ಟಿಯಾಗಿ ಕಚ್ಚಿಕೊಂಡದ್ದು. ಕೆಳಗೆ ಒಂದೇ ಪದ: "ಅಕ್ಕ". ದುರ್ಗವ್ವ ಪಾಳಿ ಮುಗಿಸಿ ಬರುತ್ತಿದ್ದ ದಾರಿಯಲ್ಲೇ ನಿಂತು ನಕ್ಕಳು. ಪಕ್ಕದಲ್ಲಿ ಹೋಗುವವರು ತಿರುಗಿ ನೋಡಿದರು.

ಚೊಕ್ಕಸಂದ್ರದ ಬಳ್ಳಿಯ ಇಪ್ಪತ್ತಮೂರು ಹೂಗಳಲ್ಲಿ ಹತ್ತೊಂಬತ್ತು ಕೂಡಿದವು. ಕಾಯಿಗಳು ಹುರುಳಿಕಾಯಿಯಂತೆ ಉದ್ದಕ್ಕೆ ಜೋತುಬಿದ್ದು, ಒಂಬತ್ತು ತಿಂಗಳ ಮೇಲೆ ತುದಿ ಹಳದಿಯಾಯಿತು. ಹಸಿಕಾಯಿಗೆ ಏನೇನೂ ವಾಸನೆ ಇರಲಿಲ್ಲ; ದುರ್ಗವ್ವ ಮೂಸಿ ನೋಡಿ ಪೆಚ್ಚಾದಳು. ಭುವನೇಶ್ವರಿ ಅವನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ, ದಿನಾ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಮತ್ತೆ ಸುತ್ತಿಡಲು ಹೇಳಿಕೊಟ್ಟಳು. ಹತ್ತು ದಿನದಲ್ಲಿ ಕಾಯಿ ಕಪ್ಪಗಾಯಿತು. ಒಂದು ಭಾನುವಾರ ಕಂಬಳಿ ಬಿಚ್ಚಿದಾಗ ಘಮ ತಾರಸಿಯನ್ನೆಲ್ಲ ತುಂಬಿತು. ಮುದಕಪ್ಪ ಮಂಚದಿಂದ ಎದ್ದು ಬಂದು, "ಯಾರ ಮನ್ಯಾಗ ಏನ್ ಮಾಡ್ಯಾರ" ಎಂದು ಕೇಳಿದ.

ಹಸಿರುಮನೆಯ ಮೂಲೆಯೊಂದು ಈಗ ದುರ್ಗವ್ವನದು. ಅಲ್ಲಿ ಅವಳು ನೆಟ್ಟ ವೆನಿಲ್ಲಾ ಬಳ್ಳಿಯ ತುಂಡೊಂದು ಬೇರು ಬಿಟ್ಟಿದೆ, ಪಕ್ಕದ ತಟ್ಟೆಯಲ್ಲಿ ಅವಳೇ ಎರಡು ಜಾತಿ ಕೂಡಿಸಿ ತೆಗೆದ ಟೊಮೆಟೊ ಬೀಜದ ಸಸಿಗಳಿವೆ. ಹಣ್ಣು ಹೇಗಿರುತ್ತದೋ ಯಾರಿಗೂ ಗೊತ್ತಿಲ್ಲ; ಭುವನೇಶ್ವರಿ ದಿನಕ್ಕೆರಡು ಸಲ ಬಂದು ಬಗ್ಗಿ ನೋಡುತ್ತಾಳೆ.

ಈ ಫೆಬ್ರವರಿಯಲ್ಲಿ ಸರ್ಜಾಪುರದ ಒಂದು ತೋಟದ ಹಸಿರುಮನೆಗೆ ಅವಳನ್ನು ಕರೆಸಿದ್ದರು, ಮಾಡಲಿಕ್ಕಲ್ಲ, ಕಲಿಸಲಿಕ್ಕೆ. ಎಂಟು ಜನ ಬಳ್ಳಿಯ ಸಾಲಿನಲ್ಲಿ ಒಬ್ಬೊಬ್ಬರು ಒಂದೊಂದು ಹೂವಿನ ಮುಂದೆ ನಿಂತಿದ್ದರು. ಯಾರೂ ಹೂವನ್ನು ಮುಟ್ಟಿರಲಿಲ್ಲ. ದುರ್ಗವ್ವ ಸಾಲಿನ ನಡುವೆ ಬಂದು ನಿಂತಳು.

"ಹೂವಿಗೆ ಅಂಜಬ್ಯಾಡ್ರಿ," ಎಂದಳು. "ಮೊದಲಿಗೆ ಮುಂದಿನ ಎಸಳು ಸೀಳ್ರಿ. ಹಾಂ, ಇನ್ನ ಕಡ್ಡಿ ತಗೋರಿ."